ಮಹಾಮಾರಿಯ ಕಾಲ ಮತ್ತು ನಮ್ಮ ಮಕ್ಕಳ ನಿದ್ರೆ

ದೇಹೂ ರೋಡ್ ಬೇಗ ಏಳುವ ಊರು. ಸೇನೆಯ ಉಗ್ರಾಣಗಳು, ರಕ್ಷಣಾ ಕಾರ್ಖಾನೆ, ಪುಣೆ–ಲೋಣಾವಳ ಲೋಕಲ್ ರೈಲು, ಮಕ್ಕಳ ಶಾಲೆ ಇವೇ ಇಲ್ಲಿ ನೆಲೆಸಿರುವ ನಮ್ಮ ಮನೆಗಳ ಮುಂಜಾವನ್ನು ನಿಯಮಿಸುತ್ತ ಬಂದಿವೆ. 2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ಪ್ರಕರಣಗಳು ಪುಣೆಯಲ್ಲಿ ಪತ್ತೆಯಾದವು. ಅದೇ ತಿಂಗಳು ಶಾಲೆಗಳು ಮುಚ್ಚಿದವು, ರೈಲು ನಿಂತಿತು, 25ರಿಂದ ದೇಶವೆಲ್ಲ ಲಾಕ್‌ಡೌನ್‌ಗೆ ಒಳಗಾಯಿತು. 2009ರ ಹಂದಿಜ್ವರದ ವೇಳೆಯೂ ಪುಣೆಯಲ್ಲಿ ಶಾಲೆಗಳು ಮುಚ್ಚಿದ್ದುಂಟು. ಆದರೆ ಅದು ಅಲ್ಪಕಾಲದ ಮಾತು. ಈ ಬಾರಿ ನಗರಗಳ ಕೆಳತರಗತಿಗಳು ತೆರೆಯುವಷ್ಟರಲ್ಲಿ 2021ರ ಡಿಸೆಂಬರ್ ಬಂದಿತ್ತು. ಅಷ್ಟು ದೀರ್ಘ ಅವಧಿಯಲ್ಲಿ ಮಕ್ಕಳು ಪಾಠದೊಂದಿಗೆ ಮುಂಜಾವನ್ನೂ ಕಳೆದುಕೊಂಡರು.

ಎಷ್ಟು ನಿದ್ರೆ ಬೇಕು?

3ರಿಂದ 5 ವರ್ಷದ ಮಕ್ಕಳಿಗೆ ಹಗಲುನಿದ್ರೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಅವಶ್ಯವೆಂಬುದು ತಜ್ಞರ ಅಭಿಮತ.

ನಿದ್ರೆ ಕೆಟ್ಟದ್ದೇಕೆ?

ಮೆದುಳಿನಲ್ಲಿರುವ ಜೈವಿಕ ಗಡಿಯಾರವು ಮುಖ್ಯವಾಗಿ ಬೆಳಕನ್ನು ಅನುಸರಿಸಿ ನಡೆಯುತ್ತದೆ. ಕತ್ತಲಾದಂತೆ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ದೇಹವನ್ನು ನಿದ್ರೆಗೆ ಅಣಿಗೊಳಿಸುತ್ತದೆ. ಹದಿಹರೆಯದಲ್ಲಿ ಈ ಸ್ರಾವವೇ ತಡವಾಗಿ ಆರಂಭವಾಗುವುದರಿಂದ ಆ ವಯಸ್ಸಿನವರಿಗೆ ಬೇಗ ನಿದ್ದೆ ಹತ್ತುವುದಿಲ್ಲ. ಇದು ಸೋಮಾರಿತನವಲ್ಲ, ಶರೀರಧರ್ಮ.

ಲಾಕ್‌ಡೌನ್‌ನಲ್ಲಿ ಬೆಳಗಿನ ಬಿಸಿಲು, ಆಟ, ಓಡಾಟ ತಪ್ಪಿದವು. ಪಾಠ, ಗೆಳೆತನ, ಮನರಂಜನೆ ಎಲ್ಲವೂ ಒಂದೇ ಮೊಬೈಲಿನೊಳಗೆ ಸೇರಿದವು. ಹಾಸಿಗೆಯೇ ತರಗತಿಯಾಯಿತು. ಅನೇಕ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಂತೆ ಮಕ್ಕಳು ತಡವಾಗಿ ಮಲಗಿ ತಡವಾಗಿ ಏಳತೊಡಗಿದರು. ಶಾಲೆಗೆ ಓಡುವ ಅವಸರವಿಲ್ಲದೆ ಕೆಲವು ಹದಿಹರೆಯದವರ ನಿದ್ರೆಯ ಗಂಟೆಗಳು ಹೆಚ್ಚಿದ್ದೂ ಉಂಟು. ಆದರೆ ಗಂಟೆ ಹೆಚ್ಚಿದಲ್ಲೆಲ್ಲ ನಿದ್ರೆಯ ಗುಣ ಹೆಚ್ಚಲಿಲ್ಲ. ಸಾವುನೋವಿನ ಸುದ್ದಿ, ಹಿರಿಯರ ಆತಂಕ ಮಕ್ಕಳ ಕಿವಿಗೂ ಬಿದ್ದವು. ಎಳೆಯರು ರಾತ್ರಿ ಬೆಚ್ಚಿಬಿದ್ದರು, ಒಬ್ಬರೇ ಮಲಗಲು ಅಂಜಿದರು.

ಮನೆಯಲ್ಲಿ ಏನು ಮಾಡಬಹುದು?

ಮಹಾಮಾರಿ ಹಿಂದೆ ಸರಿದರೂ ಆಗ ಬೇರೂರಿದ ತಡರಾತ್ರಿಯ ಅಭ್ಯಾಸ ಹಲವು ಮನೆಗಳಲ್ಲಿ ಉಳಿದಿದೆ. ರಾತ್ರಿ ಗದರಿ ಮಲಗಿಸುವುದರಿಂದ ಅದು ಸರಿಹೋಗದು. ತಿದ್ದುವ ಕೆಲಸ ಬೆಳಿಗ್ಗೆಯಿಂದಲೇ ಆರಂಭವಾಗಬೇಕು.

* ಏಳುವ ಹೊತ್ತನ್ನು ನಿಗದಿಪಡಿಸಿ, ಭಾನುವಾರವೂ ಬಹಳ ಬದಲಿಸಬೇಡಿ. ತೀರ ತಡವಾಗಿದ್ದರೆ ಕೆಲವು ದಿನಗಳಿಗೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತನ್ನಿ.
* ಎದ್ದೊಡನೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಸ್ವಲ್ಪ ಹೊತ್ತು ಬೆಳಕಿನಲ್ಲಿರಲಿ.
* ಹಾಸಿಗೆ ಮಲಗುವುದಕ್ಕೆ ಮಾತ್ರ; ಓದು ಬೇರೆ ಜಾಗದಲ್ಲಿ ನಡೆಯಲಿ.
* ಸಂಜೆಯ ನಂತರ ಚಹಾ, ಕಾಫಿ ಬೇಡ.
* ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮೊಬೈಲ್ ಬದಿಗಿರಲಿ. ಮಕ್ಕಳದು ಮಾತ್ರವಲ್ಲ, ನಮ್ಮದೂ.
* ಭಯಪಟ್ಟ ಮಗುವನ್ನು ಹಾಸ್ಯ ಮಾಡದೆ, ಅದರ ಮಾತನ್ನು ಹಗಲಿನಲ್ಲೇ ಕೇಳಿ.

ವೈದ್ಯರನ್ನು ಕಾಣುವುದು ಯಾವಾಗ?

ಪ್ರತಿರಾತ್ರಿ ಗೊರಕೆ, ನಿದ್ರೆಯಲ್ಲಿ ಉಸಿರು ತಡೆದಂತಾಗುವುದು, ವಾರಗಟ್ಟಲೆ ನಿದ್ರಾಹೀನತೆ, ಹಗಲಿನ ತೂಕಡಿಕೆ ಕಂಡರೆ ವೈದ್ಯರ ಸಲಹೆ ಪಡೆಯಬೇಕು. ಮಂಕುತನ ಮುಂದುವರಿದರೆ ಅಥವಾ ಬದುಕು ಬೇಡವೆಂಬ ಮಾತು ಬಂದರೆ ತಡಮಾಡಲೇಬಾರದು. ನಿದ್ರೆಯ ಮಾತ್ರೆಯನ್ನಾಗಲಿ, ಮೆಲಟೋನಿನ್ ಅನ್ನಾಗಲಿ ಸ್ವಂತ ನಿರ್ಧಾರದಿಂದ ಕೊಡುವುದು ಸಲ್ಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ (14416) ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಕ್ಕಳ ನಿದ್ರೆ ಸಾಲದೆಂಬ ಕಳಕಳಿಯಿಂದಲೇ 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರವು 4ನೆಯ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ರ ನಂತರ ಆರಂಭವಾಗಬೇಕೆಂದು ಸೂಚಿಸಿತು. ಆದರೆ ಮನೆಯ ದೀಪ ಆರುವ ಹೊತ್ತು ತಡವಾಗುತ್ತಲೇ ಹೋದರೆ ಹಾಗೆ ದೊರೆತ ಸಮಯವೂ ವ್ಯರ್ಥ. ದೀಪ ಆರಿಸುವ ಹೊಣೆ ನಮ್ಮದೇ.