ಫ್ಲಾರಿಡಾ ಕರಾವಳಿಯ ಬೇಸಿಗೆ, ಗುಡುಗುಮಳೆ ಮತ್ತು ದೋಣಿಯಾನ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಅಟ್ಲಾಂಟಿಕ್ ಸಾಗರಕ್ಕೂ ಮೆಕ್ಸಿಕೊ ಕೊಲ್ಲಿಗೂ ನಡುವೆ ಚಾಚಿಕೊಂಡಿರುವ ಫ್ಲಾರಿಡಾ ಪರ್ಯಾಯ ದ್ವೀಪ ಉಪೋಷ್ಣವಲಯಕ್ಕೆ ಸೇರಿದ್ದು. ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಅಲ್ಲಿ ಮಳೆಗಾಲ. ಈ ಮಳೆಯ ಬಹುಪಾಲು ಅಂದಂದಿನ ಬಿಸಿಲಿಗೆ ಅಲ್ಲೇ ಹುಟ್ಟಿ, ಅಲ್ಲೇ ಸುರಿದು, ಸಂಜೆಗೆ ಮುಗಿಯುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಮುಂಗಾರಿನ ಹೊತ್ತಿಗೆ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಫ್ಲಾರಿಡಾದಲ್ಲಾದರೋ ಗುಡುಗಿನ ತಿಂಗಳುಗಳೇ ದೋಣಿ ವಿಹಾರದ ತಿಂಗಳುಗಳೂ ಹೌದು. ದೇಶದಲ್ಲೇ ಅತಿ ಹೆಚ್ಚು, ಸುಮಾರು ಹತ್ತು ಲಕ್ಷ, ನೋಂದಾಯಿತ ದೋಣಿಗಳಿರುವ ಈ ರಾಜ್ಯದಲ್ಲಿ ಹವಾಮಾನ ವಿಜ್ಞಾನ ಬೆಳೆದ ಬಗೆಗೂ ದೋಣಿಯವರ ಸುರಕ್ಷತೆಗೂ ಬಿಡಿಸಲಾಗದ ನಂಟಿದೆ.

ಇಲ್ಲಿನ ಸೆಕೆಯನ್ನು ಉಷ್ಣಮಾಪಕ ಪೂರ್ತಿಯಾಗಿ ಹೇಳುವುದಿಲ್ಲ. ಮಯಾಮಿಯಲ್ಲಿ ದಾಖಲಾದ ಗರಿಷ್ಠ ಉಷ್ಣತೆ 37.8 ಡಿಗ್ರಿ ಸೆಲ್ಸಿಯಸ್. ಅದು 1942ರ ಜುಲೈನಲ್ಲಿ. ತೆಂಕಣ ತುದಿಯ ಕೀ ವೆಸ್ಟ್ ಆ ಮಟ್ಟವನ್ನು ಎಂದೂ ಮುಟ್ಟಿಲ್ಲ. ಕಡಲು ಬಿಸಿಲಿನ ಏರಿಕೆಯನ್ನು ತಡೆಯುತ್ತದೆ, ಆದರೆ ಗಾಳಿಗೆ ತೇವವನ್ನು ತುಂಬುತ್ತದೆ. ಬೆವರು ಆರುವುದೇ ಇಲ್ಲ. ಕೊಲ್ಲಿಯ ದಂಡೆಯ ಅಪಲಾಚಿಕೋಲ ಪಟ್ಟಣದಲ್ಲಿ ಜ್ವರಪೀಡಿತರ ಕೋಣೆಯನ್ನು ತಂಪಾಗಿಡಲು ಹೆಣಗಿದ ವೈದ್ಯ ಜಾನ್ ಗೋರಿ 1851ರಲ್ಲಿ ಮಂಜುಗಡ್ಡೆ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಈ ಸೆಕೆಯ ಒತ್ತಾಯದಿಂದಲೇ.

ನೈರುತ್ಯ ತೀರದ ಕಲೂಸಾ ಜನ ಯುರೋಪಿಯನ್ನರು ಬರುವ ಮೊದಲೇ ಮರ ತೋಡಿದ ದೋಣಿಗಳಲ್ಲಿ ಈ ನೀರಿನಲ್ಲಿ ಓಡಾಡುತ್ತಿದ್ದರು, ದೋಣಿಗಳಿಗೆಂದೇ ಕಾಲುವೆ ಅಗೆದಿದ್ದರು. ಬರೆದಿಟ್ಟ ಹವಾಮಾನ ದಾಖಲೆ ಬಹಳ ತಡವಾಗಿ ಶುರುವಾಯಿತು. 1870ರ ನವೆಂಬರ್‌ನಲ್ಲಿ ಸೈನ್ಯದ ಸಿಗ್ನಲ್ ವಿಭಾಗ ದೇಶದಾದ್ಯಂತ ಏಕಕಾಲದ ವೀಕ್ಷಣೆ ಆರಂಭಿಸಿದಾಗ ಕೀ ವೆಸ್ಟ್ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ಮುಂದೆ ಬಂದರುಗಳ ಕಂಬಗಳಲ್ಲಿ ಹಗಲು ಬಾವುಟ, ರಾತ್ರಿ ಲಾಟೀನು ಏರಿಸಿ ಬಿರುಗಾಳಿಯ ಸೂಚನೆ ಕೊಡುವ ಪದ್ಧತಿ ನೆಲೆಯಾಯಿತು. ದೂರದಿಂದ ಬರುವ ದೊಡ್ಡ ಚಂಡಮಾರುತಕ್ಕೆ ಈ ಬಾವುಟ ಸಾಕಾಗುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಹುಟ್ಟಿ ಮೂರಕ್ಕೆ ಸಾಯುವ ಗುಡುಗುಮಳೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಬೆಳಗ್ಗೆ ಬೇಗ ಹೊರಟು, ಒಳನಾಡಿನ ಮೇಲೆ ಮೋಡ ಗೋಪುರ ಕಟ್ಟುವ ಮೊದಲೇ ದಡ ಸೇರುವುದೇ ದೋಣಿಯವರ ರೂಢಿಯ ರಕ್ಷಣೆ.

ಈ ಅಲ್ಪಾಯುಷಿ ಮೋಡದ ಒಳಗುಟ್ಟು ತಿಳಿದದ್ದು ವಿಮಾನಗಳಿಂದ. ಗುಡುಗುಮೋಡಗಳಲ್ಲಿ ಸಿಕ್ಕಿ ಆಗುತ್ತಿದ್ದ ವಿಮಾನ ಅಪಘಾತಗಳನ್ನು ತಪ್ಪಿಸುವ ಉದ್ದೇಶದಿಂದ, ಎರಡನೆಯ ಮಹಾಯುದ್ಧ ಮುಗಿಯುತ್ತಲೇ, ‘ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್’ ಎಂಬ ಯೋಜನೆ ರೂಪುಗೊಂಡಿತು. ಮುಖ್ಯಸ್ಥ ಷಿಕಾಗೋ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್. ಜೊತೆಗಾರ ರಾಸ್ಕೊ ಬ್ರಹಾಮ್. 1946ರ ಬೇಸಿಗೆಯಲ್ಲಿ ಒರ್ಲಾಂಡೊ ಬಳಿ, ಮರುವರ್ಷ ಒಹಾಯೊದಲ್ಲಿ ಪ್ರಯೋಗ ನಡೆಯಿತು. ಪಿ-61 ಯುದ್ಧವಿಮಾನಗಳು ಬೇರೆಬೇರೆ ಎತ್ತರಗಳಲ್ಲಿ, ಒಂದರ ಮೇಲೊಂದರಂತೆ, ಬೇಕೆಂದೇ ಮೋಡದೊಳಗೆ ನುಗ್ಗಿದವು. ಎರಡು ಬೇಸಿಗೆಗಳಲ್ಲಿ ಹೀಗೆ ಮೋಡ ಸೀಳಿದ್ದು 1,300ಕ್ಕೂ ಹೆಚ್ಚು ಬಾರಿ. ಆ ವಿಮಾನಚಾಲಕರ ಧೈರ್ಯಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

1949ರಲ್ಲಿ ಪ್ರಕಟವಾದ ವರದಿ ಗುಡುಗುಮೋಡಕ್ಕೆ ಮೂರು ಹಂತಗಳನ್ನು ಗುರುತಿಸಿತು: ಗಾಳಿ ಮೇಲೇರುತ್ತ ಮೋಡ ಬೆಳೆಯುವ ಹಂತ, ಏರುಗಾಳಿ, ಇಳಿಗಾಳಿ ಎರಡೂ ಇರುವ ಪ್ರೌಢ ಹಂತ, ಇಳಿಗಾಳಿ ಮಾತ್ರ ಉಳಿದು ಮೋಡ ಕರಗುವ ಹಂತ. ದೋಣಿಯವರಿಗೆ ಮುಖ್ಯವಾದದ್ದು ಇಳಿಗಾಳಿ. ಬೀಳುವ ಮಳೆಹನಿಗಳು ಗಾಳಿಯನ್ನು ಕೆಳಕ್ಕೆಳೆಯುತ್ತವೆ, ಆವಿಯಾಗುತ್ತ ಅದನ್ನು ತಣ್ಣಗಾಗಿಸುತ್ತವೆ. ಆ ಭಾರದ ಗಾಳಿ ನೀರಿನ ಮೇಲೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೂ ಮೊದಲೇ ಮುಖಕ್ಕೆ ತಣ್ಣನೆಯ ಗಾಳಿ ಹೊಡೆದರೆ ದೋಣಿಗೆ ಉಳಿದಿರುವುದು ಕೆಲವೇ ನಿಮಿಷ. ಅದೇ ಕಾಲದಲ್ಲಿ ಜಪಾನಿನ ಕ್ಯೂಷು ದ್ವೀಪದಲ್ಲಿ ಇಳಿಗಾಳಿಯನ್ನು ತಾನೇ ಕಂಡುಕೊಂಡಿದ್ದ ತೆತ್ಸುಯಾ ಫುಜಿತಾರನ್ನು ಬೈಯರ್ಸ್ 1953ರಲ್ಲಿ ಷಿಕಾಗೋಗೆ ಕರೆಸಿಕೊಂಡರು.

ಪರ್ಯಾಯ ದ್ವೀಪದ ಮೇಲೇ ಇಷ್ಟು ಗುಡುಗು ಏಕೆ ಎಂಬುದಕ್ಕೆ ಬೈಯರ್ಸ್ ಮತ್ತು ಹ್ಯಾರಿಯೆಟ್ ರೋಡಬುಷ್ 1948ರಲ್ಲಿ ಉತ್ತರ ಕೊಟ್ಟರು. ಬಿಸಿಲಿಗೆ ನೆಲ ಕಾದಾಗ ಎರಡೂ ಕಡಲುಗಳಿಂದ ಕಡಲಗಾಳಿ ಒಳಕ್ಕೆ ಬೀಸುತ್ತದೆ. ಎರಡೂ ಎದುರುಬದುರಾದಾಗ ತೇವದ ಗಾಳಿಗೆ ಮೇಲೇರದೆ ಬೇರೆ ದಾರಿಯಿಲ್ಲ. 1974ರಲ್ಲಿ ರೋಜರ್ ಪೀಲ್ಕೆ ದಕ್ಷಿಣ ಫ್ಲಾರಿಡಾದ ಕಡಲಗಾಳಿಯನ್ನು ಗಣಕದಲ್ಲಿ ಮೂರು ಆಯಾಮಗಳಲ್ಲಿ ಮರುಸೃಷ್ಟಿಸಿದರು. ದಿನದ ಒಟ್ಟು ಗಾಳಿ ಮೂಡಣದ್ದಾಗಿದ್ದರೆ ಸಂಜೆಯ ಅಬ್ಬರ ಪಡುವಣ ದಂಡೆಯ ಟ್ಯಾಂಪಾ ಕಡೆಗೆ, ಪಡುವಣದ್ದಾಗಿದ್ದರೆ ಅಟ್ಲಾಂಟಿಕ್ ದಂಡೆಗೆ. ಟ್ಯಾಂಪಾ ಸುತ್ತ ವರ್ಷಕ್ಕೆ 80ಕ್ಕೂ ಹೆಚ್ಚು ದಿನ ಗುಡುಗು ಕೇಳುತ್ತದೆ.

ಮಳೆಮೋಡಗಳನ್ನು ದೂರದಿಂದಲೇ ಗುರುತಿಸುವ, ಹವಾಮಾನ ಇಲಾಖೆಯ ಡಬ್ಲ್ಯುಎಸ್‌ಆರ್-57 ರೇಡಾರ್ 1959ರಲ್ಲಿ ಮಯಾಮಿಯಲ್ಲಿ ಕೆಲಸ ಶುರುಮಾಡಿತು. ಆದರೂ 1980ರ ಮೇ 9ರ ಬೆಳಗ್ಗೆ ಟ್ಯಾಂಪಾ ಕೊಲ್ಲಿಯೊಳಗೆ ಬರುತ್ತಿದ್ದ ‘ಸಮಿಟ್ ವೆಂಚರ್’ ಸರಕುಹಡಗು ಹಠಾತ್ ಬಿರುಗಾಳಿ ಮಳೆಯಲ್ಲಿ ದಾರಿ ಕಾಣದೆ ಸನ್‌ಶೈನ್ ಸ್ಕೈವೇ ಸೇತುವೆಗೆ ಬಡಿಯಿತು. ಸೇತುವೆಯ ಭಾಗ ಕುಸಿದು 35 ಜನ ಸತ್ತರು. ಈ ಬಿರುಮಳೆ ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಬಂದದ್ದು. ಬೆಳಗ್ಗೆ ಕಡಲು ಶಾಂತ ಎಂಬ ನಂಬಿಕೆ ಎಲ್ಲ ದಿನಕ್ಕೂ ಸಲ್ಲದು. ಇಂದು ಗುಡುಗುಮೋಡದಿಂದ 34 ನಾಟ್ ಅಥವಾ ಹೆಚ್ಚಿನ ಗಾಳಿ, ದೊಡ್ಡ ಆಲಿಕಲ್ಲು, ಇಲ್ಲವೇ ಜಲಸ್ತಂಭದ (ನೀರಿನ ಮೇಲೆ ಏಳುವ ಸುಂಟರಗಾಳಿಯ) ಅಪಾಯವಿದ್ದರೆ ಅಲ್ಪಾವಧಿಯ ‘ವಿಶೇಷ ಸಾಗರ ಎಚ್ಚರಿಕೆ’ ರೇಡಿಯೊದಲ್ಲಿ ಬಿತ್ತರವಾಗುತ್ತದೆ. ಜಲಸ್ತಂಭಗಳು ಅತಿ ಹೆಚ್ಚಾಗಿ ಏಳುವ, ಕೀ ವೆಸ್ಟ್ ಸೇರಿರುವ ಕೀಸ್ ದ್ವೀಪಸಾಲಿನಲ್ಲಿ ಜೋಸೆಫ್ ಗೋಲ್ಡನ್ 1969ರಿಂದ ಅವುಗಳ ಹತ್ತಿರವೇ ವಿಮಾನ ಹಾರಿಸಿ, ಹುಟ್ಟಿನಿಂದ ಅಳಿವಿನವರೆಗಿನ ಐದು ಹಂತಗಳನ್ನು ವಿವರಿಸಿದರು.

ಸಿಡಿಲಿಗೆ ತೆರೆದ ದೋಣಿಯಲ್ಲಿ ಆಸರೆಯೇ ಇಲ್ಲ. ಸುತ್ತಲ ನೀರಿಗಿಂತ ಎತ್ತರವಾಗಿರುವುದು ಅದರಲ್ಲಿ ಕುಳಿತ ಮನುಷ್ಯ. ಅಮೆರಿಕದಲ್ಲಿ ವಿರಾಮವೇಳೆಯ ಸಿಡಿಲು ಸಾವುಗಳಲ್ಲಿ ಮೀನು ಹಿಡಿಯುವವರದು ಮೊದಲ ಸ್ಥಾನ, ರಾಜ್ಯಗಳಲ್ಲಿ ಫ್ಲಾರಿಡಾದ್ದು.

ಬಂದರಿನ ಬಾವುಟಗಳನ್ನು ಹವಾಮಾನ ಸೇವೆ 1989ರಲ್ಲಿ ನಿಲ್ಲಿಸಿತು. 2007ರಲ್ಲಿ ಕರಾವಳಿ ಕಾವಲುಪಡೆ ಕೆಲವೆಡೆ ಮತ್ತೆ ಏರಿಸಿತು. ಇನ್ನು ಕಡಲಿನ ಬಿಸಿಯ ಮಾತು: 2023ರ ಜುಲೈ 24ರಂದು ಮಯಾಮಿಗೆ ದಕ್ಷಿಣದ ಮ್ಯಾನಟೀ ಬೇ ಕೊಲ್ಲಿಯ ಮಾಪಕ ನೀರಿನ ಉಷ್ಣತೆಯನ್ನು 38.4 ಡಿಗ್ರಿ ಎಂದು ತೋರಿಸಿತು. ಅದು ಕಡಿಮೆ ಆಳದ ನೀರು, ಹಾಗಾಗಿ ತೆರೆದ ಕಡಲಿನ ಅಳತೆಯೆಂದು ಅದನ್ನು ಓದಬಾರದು. ಆದರೆ ಆ ಬೇಸಿಗೆ ಕೀಸ್‌ನ ಹವಳ ದಿಬ್ಬಗಳೂ ಬಿಳಿಚಿಕೊಂಡವು. ಸಂಶೋಧಕರು ಕಡಲೊಳಗೆ ಬೆಳೆಸುತ್ತಿದ್ದ ಸಾವಿರಾರು ಹವಳದ ತುಂಡುಗಳನ್ನು ದೋಣಿಗಳಲ್ಲಿ ತಂದು ದಡದ ತೊಟ್ಟಿಗಳಿಗೆ ಸೇರಿಸಿದರು.