ಪರದೆಯೊಡನೆ ಮಾತುಕತೆ: ಅರ್ಧ ಶತಮಾನದ ಕಥೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದಾರೆ. ಪಾಠದ ನಡುವೆ ತಾನೇ ನಿಂತು ಪ್ರಶ್ನೆ ಕೇಳುವ ವಿಡಿಯೊಗಳನ್ನೂ, ಬೆರಳು ತಾಗಿದರೆ ಚಿತ್ರ ಬಿಡಿಸುವ ಸ್ಮಾರ್ಟ್ ಬೋರ್ಡುಗಳನ್ನೂ ಅವರು ಬಳಸುತ್ತಾರೆ. ಇವೆಲ್ಲ ತಮ್ಮ ಕಾಲದಲ್ಲಿಯೇ ಹುಟ್ಟಿದವೆಂಬ ಭಾವನೆ ಅವರಲ್ಲಿ ಹಲವರಿಗಿದೆ. ವಾಸ್ತವವಾಗಿ ಈ ಕಥೆಗೆ ಐವತ್ತು ವರ್ಷಗಳ ವಯಸ್ಸು. ಅದರ ಮೊದಲ ಅಧ್ಯಾಯಗಳಲ್ಲೊಂದು ನಡೆದದ್ದು ನಮ್ಮದೇ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ.

1969ರಲ್ಲಿ ಭಾರತ ಮತ್ತು ಅಮೆರಿಕಗಳ ನಡುವೆ ಒಂದು ಒಪ್ಪಂದವಾಯಿತು. ಅದರ ಹಿಂದಿದ್ದವರು ವಿಕ್ರಮ್ ಸಾರಾಭಾಯಿ. ಹಳ್ಳಿಗಳನ್ನು ತಲುಪಲು ನಗರಗಳಿಂದ ಒಂದೊಂದೇ ಹೆಜ್ಜೆ ಇಡುತ್ತ ಹೋಗಬೇಕಿಲ್ಲ, ಆಕಾಶದಿಂದಲೇ ನೇರವಾಗಿ ಇಳಿಯಬಹುದು ಎಂಬುದು ಅವರ ಕಲ್ಪನೆ. 1971ರಲ್ಲಿ ಅವರು ತೀರಿಕೊಂಡರು. ಕಲ್ಪನೆ ಮಾತ್ರ ಉಳಿಯಿತು. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗವನ್ನು ನಡೆಸಲಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆಗಳು ಹೋದವು. ಅವುಗಳ ಪಕ್ಕದಲ್ಲಿ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾ. ಬೆಂಗಳೂರಿನಲ್ಲಿ ಆಗ ಟಿವಿ ಕೇಂದ್ರವೇ ಇರಲಿಲ್ಲ. ರಾಜಧಾನಿ ಕಾಣದಿದ್ದುದನ್ನು ಸೇಡಂ, ದೇವದುರ್ಗದ ಕಡೆಯ ಸೀಮೆ ಮೊದಲು ಕಂಡಿತು!

ಬೆಳಗಿನ ಸುಮಾರು ಒಂದೂವರೆ ಗಂಟೆಯ ಪ್ರಸಾರ ಶಾಲಾ ಮಕ್ಕಳಿಗೆ ಮೀಸಲು. ಅದರಲ್ಲಿ ಪ್ರತಿ ಭಾಷೆಯ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳೊಂದಿಗೆ ಹೈದರಾಬಾದಿನಲ್ಲಿ ಸಿದ್ಧವಾಗುತ್ತಿದ್ದವು. ಉಪಗ್ರಹವು ಒಂದೇ ಚಿತ್ರಕ್ಕೆ ಎರಡು ಧ್ವನಿಗಳನ್ನು ಜೋಡಿಸಬಲ್ಲದಾಗಿತ್ತು. ರಜೆಯ ದಿನಗಳಲ್ಲಿ ಇದೇ ವ್ಯವಸ್ಥೆಯಿಂದ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ದೊರೆಯಿತು. ಆದರೆ ಒಂದು ಮಾತು: ಪೆಟ್ಟಿಗೆ ಹೇಳುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ತಿರುಗಿ ಏನನ್ನಾದರೂ ಕೇಳಬೇಕಾದರೆ ಪಕ್ಕದಲ್ಲಿ ನಿಂತ ಮೇಷ್ಟ್ರನ್ನೇ ಕೇಳಬೇಕಿತ್ತು. ವರ್ಷ ತುಂಬಿತು, ಎರವಲು ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದುದರಿಂದ ಅಲ್ಲಿಯ ಕೆಲವು ಹಳ್ಳಿಗಳಿಗೆ ಟಿವಿಯ ನಂಟು ಕಡಿಯಲಿಲ್ಲ.

ಪರದೆ ಮಾತಿಗೆ ಮಾತು ಕೊಡಲು ಕಲಿತದ್ದು ಇಪ್ಪತ್ತು ವರ್ಷಗಳ ಅನಂತರ, ಅದೂ ಕರ್ನಾಟಕದಲ್ಲಿಯೇ. 1996ರ ಜನವರಿಯಲ್ಲಿ ಒಂದು ವಾರ ಕಾಲ ರಾಜ್ಯದ ಇಪ್ಪತ್ತು ಕೇಂದ್ರಗಳಲ್ಲಿ ಕುಳಿತ ಸುಮಾರು 850 ಪ್ರಾಥಮಿಕ ಶಿಕ್ಷಕರು ಉಪಗ್ರಹದ ಮೂಲಕ ತರಬೇತಿ ಪಡೆದರು. ಚಿತ್ರ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಧ್ವನಿ ಮಾತ್ರ ಎರಡೂ ದಿಕ್ಕಿಗೆ. ಪರದೆಯಲ್ಲಿ ಕಾಣುವ ತಜ್ಞರಿಗೆ ಶಿಕ್ಷಕರು ದೂರವಾಣಿಯಲ್ಲಿ ಪ್ರಶ್ನೆ ಕೇಳುವುದು, ಆ ಪ್ರಶ್ನೆಯನ್ನೂ ಉತ್ತರವನ್ನೂ ಉಳಿದ ಹತ್ತೊಂಬತ್ತು ಕೇಂದ್ರದವರು ಕೇಳಿಸಿಕೊಳ್ಳುವುದು! ಒಬ್ಬರ ಸಂದೇಹ ಎಲ್ಲರ ಪಾಠವಾಗುವುದು ಒಳ್ಳೆಯ ತರಗತಿಯ ಲಕ್ಷಣ. ಅದು ಜಿಲ್ಲೆ ಜಿಲ್ಲೆಗಳ ನಡುವೆ ಸಾಧ್ಯವಾದದ್ದು ಸಣ್ಣ ಸಂಗತಿಯಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಮೇಲೇರಿತು. ಶಿಕ್ಷಣಕ್ಕೆಂದೇ ನಮ್ಮ ದೇಶ ಕಟ್ಟಿದ ಮೊದಲ ಉಪಗ್ರಹವಿದು. ಅದರ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಪಾಲ್ಗೊಂಡಿತು. ಪ್ರಾಥಮಿಕ ಶಾಲೆಗಳ ಪಾಲಿಗೆ ಚಾಮರಾಜನಗರ ಜಿಲ್ಲೆ ಆಯ್ಕೆಯಾಯಿತು. ಅಲ್ಲಿನ ಎಂಟುನೂರಕ್ಕೂ ಹೆಚ್ಚು ಶಾಲೆಗಳ ಮೇಲೆ ಬಟ್ಟಲು ಆಂಟೆನಾಗಳು ಕಾಣಿಸಿಕೊಂಡವು. ಈ ವ್ಯವಸ್ಥೆಯಲ್ಲಿ ಎರಡು ಬಗೆಯ ಯಂತ್ರಗಳಿದ್ದವು: ಪಡೆಯಲೂ ಕಳುಹಿಸಲೂ ಬಲ್ಲವು ಒಂದು ಬಗೆ, ಕೇವಲ ಪಡೆಯಬಲ್ಲವು ಇನ್ನೊಂದು. ಮೊದಲನೆಯದು ದುಬಾರಿ. ಆದ್ದರಿಂದ ಅದು ಕಾಲೇಜುಗಳಿಗೂ ತರಬೇತಿ ಕೇಂದ್ರಗಳಿಗೂ ಸಂದಿತು. ಹಳ್ಳಿಯ ಶಾಲೆಗಳಿಗೆ ದೊರೆತದ್ದು ಎರಡನೆಯದು. ದೊಡ್ಡವರಿಗೆ ಬಾಯಿಯೂ ಕಿವಿಯೂ, ಚಿಕ್ಕವರಿಗೆ ಬರಿಯ ಕಿವಿ. ಎಜುಸ್ಯಾಟ್ 2010ರಲ್ಲಿ ನಿವೃತ್ತಿ ಹೊಂದಿತು.

ಆಮೇಲಿನದು ನಿಮಗೆಲ್ಲ ತಿಳಿದದ್ದೇ. 2017ರಲ್ಲಿ ಕೇಂದ್ರ ಸರ್ಕಾರದ ‘ದೀಕ್ಷಾ’ ಬಂದಿತು; ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡಿನ ಕಪ್ಪು ಚೌಕಗಳು ಮೂಡಿದವು; ಪಾಠ ಅಂಗೈಯ ಫೋನಿಗಿಳಿಯಿತು. 2020ರಲ್ಲಿ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ಒಳ್ಳೆಯ ಫೋನೂ ಇಂಟರ್ನೆಟ್ಟೂ ಇದ್ದ ಮನೆಯ ಮಕ್ಕಳು ಪರದೆಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳಿದರು. ಇಲ್ಲದವರಿಗಾಗಿ ದೂರದರ್ಶನದ ಚಂದನ ವಾಹಿನಿಯಲ್ಲಿ ಸೇತುಬಂಧ, ಸಂವೇದ ಪಾಠಗಳು ಬಂದವು. ಆ ದಿನಗಳಲ್ಲಿ ಅವು ದೊಡ್ಡ ಉಪಕಾರವನ್ನೇ ಮಾಡಿದವು. ಆದರೆ ಗಮನಿಸಿ: ನಲವತ್ತೈದು ವರ್ಷಗಳ ಬಳಿಕವೂ ಬಡವರ ಮಗುವಿಗೆ ಸಿಕ್ಕಿದ್ದು 1975ರ ಪೆಟ್ಟಿಗೆಯೇ. ಸಾಲದ್ದಕ್ಕೆ, ಈ ಬಾರಿ ಪಕ್ಕದಲ್ಲಿ ನಿಲ್ಲಲು ಮೇಷ್ಟ್ರೂ ಇರಲಿಲ್ಲ. ಅದೇ ವರ್ಷ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಲು ಹೊರಟದ್ದು ಈ ಕೊರತೆಯನ್ನು ತುಂಬಲೆಂದೇ.

ಈ ಇತಿಹಾಸದಿಂದ ನನಗೆ ತೋರುವುದಿಷ್ಟು. ಯಂತ್ರ ಬಂದಾಗಲೆಲ್ಲ ನಾವು ‘ಎಷ್ಟು ಶಾಲೆಗಳನ್ನು ತಲುಪಿತು?’ ಎಂದು ಎಣಿಸಿದೆವು. ‘ಎಷ್ಟು ಮಕ್ಕಳ ಪ್ರಶ್ನೆ ಹಿಂದಿರುಗಿ ಬಂತು?’ ಎಂದು ಎಣಿಸಿದ್ದು ಕಡಿಮೆ. ಇಂದಿನ ವಿಡಿಯೊ ಪ್ರಶ್ನೆ ಕೇಳುತ್ತದೆ, ನಿಜ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತೆನ್ನುತ್ತದೆ, ಸರಿಯೋ ತಪ್ಪೋ ಹೇಳುತ್ತದೆ. ಆದರೆ ಹುಡುಗಿಯೊಬ್ಬಳು ತಪ್ಪನ್ನೇ ಏಕೆ ಒತ್ತಿದಳೆಂದು ವಿಚಾರಿಸಬೇಕಾದರೆ ಅವಳ ಹೆಸರು, ಅವಳ ಮನೆ, ಅವಳ ಸಂಕೋಚ ಬಲ್ಲವರು ತರಗತಿಯಲ್ಲಿರಬೇಕು.

ಶಿಕ್ಷಕರಾಗಿರುವ ನನ್ನ ಶಿಷ್ಯರೇ, ಈ ಸಾಧನಗಳನ್ನು ಧಾರಾಳವಾಗಿ ಬಳಸಿ. ಜ್ವಾಲಾಮುಖಿಯನ್ನು ಸೀಮೆಸುಣ್ಣದಲ್ಲಿ ಬರೆದು ತೋರಿಸುವುದಕ್ಕಿಂತ ಚಲಿಸುವ ಚಿತ್ರದಲ್ಲಿ ತೋರಿಸುವುದು ಖಂಡಿತ ಮೇಲು. ಆದರೆ ವಿಡಿಯೊ ಪ್ರಶ್ನೆ ಕೇಳಲು ನಿಂತಾಗ ಕೂಡಲೇ ಗುಂಡಿ ಒತ್ತಿಸಬೇಡಿ. ಅರ್ಧ ನಿಮಿಷ ಸುಮ್ಮನಿರಿ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳಬಹುದು.