ಪಡಿಯಿಂದ ತಟ್ಟೆಗೆ: ಕರ್ನಾಟಕದ ಬಿಸಿಯೂಟದ ಚರಿತ್ರೆ

ಬಡ ಕುಟುಂಬಗಳ ಮಕ್ಕಳಿಗೆ ಸರ್ಕಾರ ಒದಗಿಸುವ ಆಹಾರವು ಪಡಿಯಾಗಿ ಮನೆಗೆ ಹೋಗಬೇಕೇ, ಬೇಯಿಸಿದ ಊಟವಾಗಿ ಮಗುವಿನ ತಟ್ಟೆಗೇ ಬರಬೇಕೇ ಎಂಬ ಪ್ರಶ್ನೆ ಕರ್ನಾಟಕದ ಶಾಲೆಗಳ ಚರಿತ್ರೆಯಲ್ಲಿ ಎರಡು ಬಾರಿ ಎದುರಾಗಿದೆ. ಮೊದಲ ಬಾರಿ ದೊರೆತ ಉತ್ತರವನ್ನು ಕೋವಿಡ್ ಕಾಲದ ಅನುಭವ ಮತ್ತಷ್ಟು ಗಟ್ಟಿಗೊಳಿಸಿತು.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲಾಮಕ್ಕಳ ಪೌಷ್ಟಿಕ ಆಹಾರ ಕಾರ್ಯಕ್ರಮವನ್ನು ಆರಂಭಿಸಿದಾಗ, ತಮಿಳುನಾಡಿನಂಥ ಕೆಲವನ್ನು ಬಿಟ್ಟರೆ ಕರ್ನಾಟಕವೂ ಸೇರಿ ಹೆಚ್ಚಿನ ರಾಜ್ಯಗಳು ಅಡುಗೆಯ ಏರ್ಪಾಡು ಮಾಡದೆ, ಶೇ. 80ರಷ್ಟು ಹಾಜರಾತಿಯುಳ್ಳ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯವನ್ನು ಹಂಚಿದವು. ಈ ಅಕ್ಕಿ ಐದಾರು ಮಂದಿಯ ಕೂಲಿಕಾರ ಕುಟುಂಬದ ಒಲೆಯೇರಿದರೆ ಎರಡು ಮೂರು ದಿನಗಳಲ್ಲಿ ಮುಗಿಯುವಂಥದ್ದು. ಇದ್ದುದನ್ನು ಎಲ್ಲರೂ ಹಂಚಿಕೊಂಡು ಉಣ್ಣುವುದು ಹಸಿದ ಮನೆಯ ಸಹಜ ನ್ಯಾಯವೇ ಆದರೂ, ಅದರಿಂದ ಶಾಲೆಯಲ್ಲಿ ಕುಳಿತ ಮಗುವಿನ ಮಧ್ಯಾಹ್ನದ ಹಸಿವು ನೀಗುತ್ತಿರಲಿಲ್ಲ.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ನೀಡಿದ ಆದೇಶವು ಈ ಪದ್ಧತಿಯನ್ನು ಬದಲಿಸಿತು. ಕನಿಷ್ಠ 300 ಕ್ಯಾಲೊರಿ ಶಕ್ತಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನು, ಅಂದರೆ ದೇಹವನ್ನು ಕಟ್ಟುವ ಸಾರ, ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ 200 ದಿನವಾದರೂ ಬಡಿಸಬೇಕೆಂದು ಅದು ವಿಧಿಸಿತು. 2002ರಲ್ಲಿ ಕರ್ನಾಟಕದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾದ ಬಿಸಿಯೂಟದ ಯೋಜನೆ ‘ಅಕ್ಷರ ದಾಸೋಹ’ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಊರಿನ ಹೆಂಗಸರೇ ಅಡುಗೆಯವರಾಗಿ ಶಾಲೆಯ ಅಂಗಳದಲ್ಲಿ ಅನ್ನ ಸಾರು ಬೇಯಿಸತೊಡಗಿದರು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆಯಡಿ, 18 ಗ್ರಾಂ ಹಾಲಿನ ಪುಡಿಯನ್ನು ಕದಡಿ ಕಾಯಿಸಿದ 150 ಮಿಲಿಲೀಟರ್ ಹಾಲೂ ಇದರೊಡನೆ ಸೇರಿತು.

ಆದರೂ ರಾಜ್ಯದ ಮಕ್ಕಳ ಪೌಷ್ಟಿಕತೆಯ ಕೊರತೆ ನೀಗಿರಲಿಲ್ಲ. ಸಾಂಕ್ರಾಮಿಕಕ್ಕೆ ಸ್ವಲ್ಪ ಮೊದಲು, 2019ರಲ್ಲಿ, ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ಕುಂಠಿತ ಬೆಳವಣಿಗೆಯವರು, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಎಂದು ದಾಖಲಿಸಿತ್ತು. 2020ರ ಮಾರ್ಚ್‌ನಲ್ಲಿ ಶಾಲೆ, ಅಂಗನವಾಡಿಗಳು ಮುಚ್ಚಿ, ಅದೇ ಹೊತ್ತಿಗೆ ಕೂಲಿಯೂ ನಿಂತಾಗ ಊಟದ ಬದಲಿಗೆ ಅಕ್ಕಿ ಬೇಳೆಯ ಪಡಿ ಮನೆಗಳಿಗೆ ಹೋಯಿತು. ಆ ಪಡಿಯಿಂದ ಎಷ್ಟೋ ಮನೆಗಳ ಒಲೆ ಉರಿದದ್ದು ನಿಜ. ಆದರೆ 1995ರ ಅಕ್ಕಿಗೆ ಆದದ್ದೇ ಇದಕ್ಕೂ ಆಗಿ, ಮಗುವಿಗೆಂದೇ ಮೀಸಲಾದ ಊಟ ಮರೆಯಾಯಿತು.

2021ರ ಕೊನೆಯ ತಿಂಗಳುಗಳಲ್ಲಿ ಬಿಸಿಯೂಟ ಮರಳಿತು. ಆ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳೇ ಮೊಟ್ಟೆಯನ್ನು ಬಯಸಿದರು, ಯೋಜನೆ ನಿಲ್ಲಲಿಲ್ಲ, ಮರುವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅನ್ನದಿಂದ ಹೊಟ್ಟೆ ತುಂಬಬಹುದಾದರೂ ಮೈ ಬೆಳೆಯಲು ಅದೊಂದೇ ಸಾಲದೆಂಬುದನ್ನು ಆಡಳಿತ ಒಪ್ಪಿಕೊಂಡ ಘಟ್ಟವಿದು.

ಕಷ್ಟಕಾಲದಲ್ಲಿ ಕುಟುಂಬಕ್ಕೆ ಪಡಿ ಬೇಕೇ ಬೇಕು, ಆದರೆ ಅದು ಮಗುವಿನ ಊಟಕ್ಕೆ ಬದಲಿಯಾಗಲಾರದು ಎಂಬುದು ಈ ಕಾಲು ಶತಮಾನದ ಪಾಠವಾಗಿದ್ದು, ಮುಂದೊಮ್ಮೆ ಶಾಲೆಯ ಬಾಗಿಲು ಮುಚ್ಚಬೇಕಾಗಿ ಬಂದರೂ ಅಡುಗೆಮನೆಯ ಒಲೆ ಆರದಂತೆ ಈಗಲೇ ಏರ್ಪಾಡು ಮಾಡಿಕೊಳ್ಳುವುದು ಸರ್ಕಾರದ ಹೊಣೆ.